ಐನ್‌ಮನೆಗೆ ಕಂಬ ಎಷ್ಟು?

ಕೇಳುಗರಿಗೆ ನಮಸ್ಕಾರ. ಹೊರಗೆ ಮಳೆ ಹಿಡಿದಿದೆ. ಒಲೆ ಹತ್ತಿರ ಕೂತು, ಕಾಫಿ ಕುಡಿಯುತ್ತಾ ಕೇಳುತ್ತಿದ್ದೀರಿ ಅಂದುಕೊಳ್ಳುತ್ತೇನೆ.

ನಾನು ಚಿತ್ರ ಕಲಿಸುವವನು. ಮಡಿಕೇರಿಯಿರಲಿ, ಸೋಮವಾರಪೇಟೆಯಿರಲಿ, ಅಪ್ಪ ಅಮ್ಮಂದಿರು ನನ್ನನ್ನು ಕೇಳುವುದು ಒಂದೇ. ‘ಮಗಳು ಚೆನ್ನಾಗಿ ಬರೀತಾಳೆ ಸರ್, ಫಾರಿನ್‌ಗೆ ಕಳಿಸಿದರೆ ದೊಡ್ಡ ಕಲಾವಿದೆ ಆಗ್ತಾಳಾ?’ ಕಳಿಸಿ, ಯಾರು ಬೇಡ ಅಂದರು? ಆದರೆ ಇಲ್ಲಿಂದ ಏನು ಕಟ್ಟಿಕೊಂಡು ಹೋಗುತ್ತಾಳೆ, ಅದನ್ನು ಮೊದಲು ಕೇಳಿ. ಬಾಲ್ಯದಲ್ಲಿ ಕಂಡದ್ದೇ ಬಂಡವಾಳ.

ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದವರು. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಓದಿದರು. ಆಮೇಲೆ ಪ್ಯಾರಿಸ್ಸಿಗೂ ಹೋಗಿ ಕಲಿತರು. ಬಂದ ಮೇಲೂ ಅವರ ಗೆರೆ ಕುಣಿದದ್ದು ಯಕ್ಷಗಾನದ ಹೆಜ್ಜೆಗೇ.

ಈಗ ನನ್ನ ಕಥೆ. ಎರಡು ವರ್ಷ ಲಂಡನ್ನಿನಲ್ಲಿ ಓದಿದೆ. ಮೊದಲ ಚಳಿಗಾಲವೆಲ್ಲ ಇಂಗ್ಲಿಷ್ ಚಿತ್ರಕಾರ ಟರ್ನರ್‌ನ ಚಿತ್ರಗಳ ಮಂಜನ್ನು ನೋಡಿ ನೋಡಿ ಕಾಪಿ ಹೊಡೆದೆ. ಮಂಜು ನಮ್ಮಲ್ಲಿ ಇಲ್ವಾ, ಹೇಳಿ! ಒಂದು ದಿನ ಮೇಷ್ಟ್ರು ಅದನ್ನೆಲ್ಲ ಪಕ್ಕಕ್ಕೆ ಸರಿಸಿ, ‘ನೀನು ಬೆಳೆದ ಮನೆ ಬರಿ, ನೆನಪಿನಿಂದ’ ಅಂದರು. ನಮ್ಮ ಐನ್‌ಮನೆ, ಅಂದರೆ ಕೊಡವ ಕುಟುಂಬದ ಹಿರಿಯರ ಮನೆ, ಬರೆಯಲು ಕೂತೆ. ಮೆಟ್ಟಿಲು ಬಂತು. ಕೈಯಾಲೆ, ಅದೇ ಮುಂದಿನ ಜಗಲಿ, ಬಂತು. ಕಂಬದ ಹತ್ತಿರ ಕೈ ನಿಂತೇಬಿಟ್ಟಿತು. ಆರಾ, ಎಂಟಾ? ಆ ಕಂಬಗಳ ನಡುವಿನ ಐಮರದ, ಅಂದರೆ ಕೂರುವ ಮರದ ಹಲಗೆಯ ಮೇಲೆ ಮಲಗಿ ಮಳೆ ನೋಡಿಕೊಂಡೇ ಬೆಳೆದವನು ನಾನು. ಒಂದು ಸಲವೂ ಎಣಿಸಿರಲಿಲ್ಲ.

ಅಜ್ಜಿಗೆ ಪತ್ರ ಹಾಕಿದೆ. ಅಜ್ಜಿಗೆ ಬರೆಯಲು ಬರದು. ಪಕ್ಕದ ಮನೆ ಹುಡುಗನ ಕೈಯಲ್ಲಿ ಬರೆಸಿದ ಉತ್ತರ ಮೂರು ವಾರಕ್ಕೆ ಬಂತು. ಕಾಫಿ ಹೂ ಬಿಟ್ಟಿದೆ, ಹಸು ಕರು ಹಾಕಿದೆ, ಮೆಣಸು ಈ ಸಲ ಕಮ್ಮಿ, ಎಲ್ಲಾ ಇತ್ತು. ಕೊನೆಗೆ ಒಂದು ಸಾಲು: ‘ಕಂಬ ಬೇಕಾದರೆ ಬಂದು ಎಣಿಸಿಕೋ.’

ಆಮೇಲೆ ಒಂದು ವರ್ಷ ನಾನು ಬರೆದದ್ದೆಲ್ಲ ಆ ಕೈಯಾಲೆಯೇ. ಒದ್ದೆ ಹೆಂಚಿನ ಕಪ್ಪು, ತೂಗುದೀಪದ ಹಳದಿ, ಕೊಡವ ಗಂಡಸರ ಕಪ್ಪು ನಿಲುವಂಗಿ ಕುಪ್ಯದ ಮೇಲೆ ಸೊಂಟಕ್ಕೆ ಸುತ್ತುವ ಚೇಲೆಯ ಕೆಂಪು. ಇಲ್ಲಿದ್ದಾಗ ಇವು ಕಣ್ಣಿಗೆ ಬಿದ್ದಿರಲೇ ಇಲ್ಲ. ಎಣ್ಣೆಬಣ್ಣವನ್ನು ತೆಳ್ಳಗೆ, ಪದರ ಪದರವಾಗಿ ಹಾಕುವುದನ್ನು ಅಲ್ಲಿ ಕಲಿಸಿದರು, ನಿಜ. ಹಾಕಿದ್ದು ಮಾತ್ರ ಇಲ್ಲಿಯದೇ. ಮತ್ತೆ ಹೇಳುತ್ತೇನೆ, ಬಾಲ್ಯದಲ್ಲಿ ಕಂಡದ್ದೇ ಬಂಡವಾಳ.

ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಬಗ್ಗೆ ಜಾಸ್ತಿ ಹೇಳಬೇಕೆಂದಿದ್ದೆ, ಅಜ್ಜಿಯೇ ಸಮಯ ತಿಂದುಬಿಟ್ಟರು. ಬುಡಾಪೆಸ್ಟ್‌ನಲ್ಲಿ ಹುಟ್ಟಿ, 8ನೇ ವಯಸ್ಸಿಗೆ ಶಿಮ್ಲಾಕ್ಕೆ ಬಂದು, 16ಕ್ಕೆ ಪ್ಯಾರಿಸ್ ಸೇರಿದವರು. ಅಲ್ಲಿ ಚಿನ್ನದ ಪದಕ ಸಿಕ್ಕಿತು, ಆದರೂ 1934ರಲ್ಲಿ ವಾಪಸ್ ಬಂದರು. ಅಜಂತಾ ನೋಡಿಕೊಂಡು ದಕ್ಷಿಣಕ್ಕೆ ಇಳಿದರು. 1937ರಲ್ಲಿ ಬರೆದ ‘ಬ್ರಹ್ಮಚಾರಿಗಳು’ ಚಿತ್ರವನ್ನು ಮಕ್ಕಳಿಗೆ ಒಮ್ಮೆ ತೋರಿಸಿ. ಮೊಬೈಲ್‌ನಲ್ಲೇ ಸಿಗುತ್ತದೆ.

ಹಾಂ, ಊರಿಗೆ ಬಂದವನೇ ಎಣಿಸಿದೆ. ಎಂಟು. ನಾನು ಬರೆದದ್ದು ಆರು. ನಮಸ್ಕಾರ.