ಹಾರ್ಮುಜ್‌ನಲ್ಲಿ ಗಲಾಟೆ ಆದ್ರೆ ಮಂಡ್ಯದ ಸೊಸೈಟಿಲಿ ಯೂರಿಯಾ ಯಾಕೆ ಸಿಗಲ್ಲ?

[ಟೇಬಲ್ ಮೇಲೆ ಒಂದು ಖಾಲಿ ಯೂರಿಯಾ ಚೀಲ, ಕ್ಯಾಮೆರಾ ಹತ್ರ ಹೋಗ್ಲಿ]

ನಮಸ್ಕಾರ ಎಲ್ಲರ್ಗೂ. ಈ ಚೀಲದ ಮೇಲೆ ಏನೇನ್ ಬರ್ದವ್ರೆ ಸ್ವಲ್ಪ ನಿಧಾನಕ್ಕೆ ಓದೋಣ. ಭಾರತ್ ಯೂರಿಯಾ, ಬೇವು ಲೇಪಿತ, ಸಾರಜನಕ ನೂರಕ್ಕೆ 46, ತೂಕ 45 ಕೆಜಿ, ರೇಟು 266 ರೂಪಾಯಿ 50 ಪೈಸೆ. ಈ ರೇಟು 2018ರಿಂದ ಅಲ್ಲಾಡಿಲ್ಲ. ಇದಾದ್ಮೇಲೆ ಕೊರೋನಾ ಬಂತು, ರಷ್ಯಾ ಉಕ್ರೇನ್ ಯುದ್ಧ ಬಂತು, ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೌತಿ ಬಂಡುಕೋರರು ಹಡಗಿಗೆ ಹೊಡ್ಯೋಕೆ ಶುರು ಮಾಡಿದ್ರು, ಇಸ್ರೇಲ್ ಇರಾನ್ ಹೊಡೆದಾಡ್ಕೊಂಡ್ರು, ಡೀಸೆಲ್ ಏರ್ತು, ಗ್ಯಾಸ್ ಏರ್ತು, ಕೂಲಿ ಏರ್ತು, ಇದೊಂದು ಮಾತ್ರ ಅಲ್ಲೇ ನಿಂತಿದೆ. ಅದಕ್ಕೇ ತುಂಬಾ ಜನ ಯುದ್ಧಕ್ಕೂ ನಮ್ ಗದ್ದೆಗೂ ಏನಪ್ಪಾ ಸಂಬಂಧ ಅಂತ ಕೇಳ್ತಾರೆ, ಟಿವಿಲಿ ಮಿಸೈಲ್ ಹಾರೋದ್ ನೋಡ್ಬುಟ್ಟು ಚಾನೆಲ್ ಚೇಂಜ್ ಮಾಡ್ತಾರೆ.

ಸಂಬಂಧ ಇದೆ. ನಮ್ಗೆ ಅದು ರೇಟಲ್ಲಿ ಕಾಣಲ್ಲ, ಸ್ಟಾಕಲ್ಲಿ ಕಾಣುತ್ತೆ. ರೇಟು ಕಟ್ಟಿಹಾಕಿರೋ ಮಾಲು ದುಬಾರಿ ಆಗೋಕೆ ಆಗಲ್ಲ ಅಲ್ವಾ, ಹಂಗಾಗಿ ಅದು ಮಾಯ ಆಗುತ್ತೆ. ಇವತ್ತಿನ ವಿಡಿಯೋ ಪೂರ್ತಿ ಇದೊಂದರ ಬಗ್ಗೆನೇ.

ಮೊದ್ಲು ಇದು ಹೆಂಗೆ ತಯಾರಾಗುತ್ತೆ ನೋಡಿ. ಗಾಳಿಲಿ ಸಾರಜನಕ ಬೇಕಾದಷ್ಟಿದೆ, ಆದ್ರೆ ಭತ್ತದ ಪೈರು ಅದನ್ನ ಗಾಳಿಯಿಂದ ನೇರವಾಗಿ ಎಳ್ಕೊಳಲ್ಲ. 1909ರಲ್ಲಿ ಜರ್ಮನಿಯ ಫ್ರಿಟ್ಜ್ ಹೇಬರ್ ಅನ್ನೋ ವಿಜ್ಞಾನಿ ಗಾಳಿಯ ಸಾರಜನಕಕ್ಕೆ ಹೈಡ್ರೋಜನ್ ಸೇರಿಸಿ ಅಮೋನಿಯಾ ಮಾಡಿ ತೋರಿಸಿದ್ರು, ಕಾರ್ಲ್ ಬಾಷ್ ಅನ್ನೋರು ಅದನ್ನ ಫ್ಯಾಕ್ಟರಿ ಮಟ್ಟಕ್ಕೆ ತಂದ್ರು, 1913ರಲ್ಲಿ ಮೊದಲ ಫ್ಯಾಕ್ಟರಿ ಶುರುವಾಯ್ತು. ಮಾರನೇ ವರ್ಷನೇ ಮೊದಲ ಮಹಾಯುದ್ಧ. ಗೊಬ್ಬರಕ್ಕೆ ಅಂತ ಕಂಡುಹಿಡಿದ ಅದೇ ಅಮೋನಿಯಾದಿಂದ ಜರ್ಮನಿ ಮದ್ದುಗುಂಡಿಗೆ ಬೇಕಾದ ರಾಸಾಯನಿಕ ಮಾಡ್ಕೊಂಡು ಯುದ್ಧ ನಡೆಸ್ತು. ಅಂದ್ರೆ ಗೊಬ್ಬರ ಮತ್ತೆ ಯುದ್ಧ ಹುಟ್ಟಿನಿಂದಲೇ ಜೊತೆಗಿದಾವೆ, ಇದು ನಂಗೆ ಓದಿದಾಗೆಲ್ಲಾ ಮೈ ಜುಮ್ ಅನ್ಸೋ ವಿಷಯ.

ಈಗ ಆ ಹೈಡ್ರೋಜನ್ ಎಲ್ಲಿಂದ ಬರುತ್ತೆ? ನ್ಯಾಚುರಲ್ ಗ್ಯಾಸ್‌ನಿಂದ. ಯೂರಿಯಾ ಖರ್ಚಲ್ಲಿ ದೊಡ್ಡ ಪಾಲು ಗ್ಯಾಸೇ. ಹಂಗಾಗಿ ಯೂರಿಯಾ ಅಂದ್ರೆ ಒಂಥರಾ ಚೀಲಕ್ಕೆ ತುಂಬಿದ ಗ್ಯಾಸ್ ಅಂತನೇ ಲೆಕ್ಕ ಇಟ್ಕೊಳಿ, ಮುಂದಿಂದೆಲ್ಲಾ ಸಲೀಸಾಗಿ ಅರ್ಥ ಆಗುತ್ತೆ.

[ಮ್ಯಾಪ್: ಕತಾರ್‌ನಿಂದ ಕೊಚ್ಚಿ, ಕೊಚ್ಚಿಯಿಂದ ಮಂಗಳೂರು, ಅಲ್ಲಿಂದ ಮಂಡ್ಯ]

ಕರ್ನಾಟಕದಲ್ಲಿ ಯೂರಿಯಾ ಮಾಡೋ ಫ್ಯಾಕ್ಟರಿ ಇರೋದು ಒಂದೇ, ಮಂಗಳೂರಿನ ಪಣಂಬೂರಲ್ಲಿ. ಮೊದ್ಲು ಅಲ್ಲಿ ಕಚ್ಚಾ ತೈಲದಿಂದ ಬರೋ ನಾಫ್ತಾ ಬಳಸ್ತಿದ್ರು, 2021ರ ಜನವರಿಲಿ ಕೊಚ್ಚಿ–ಮಂಗಳೂರು ಪೈಪ್‌ಲೈನ್ ಉದ್ಘಾಟನೆ ಆಯ್ತಲ್ಲ, ಸುಮಾರು 450 ಕಿಲೋಮೀಟರ್ ಪೈಪು, ಆ ಹೊತ್ತಿಗೆ ಗ್ಯಾಸ್‌ಗೆ ಬದಲಾಯ್ತು. ಒಳ್ಳೇದೇ. ಆದ್ರೆ ಕೊಚ್ಚಿಗೆ ಆ ಗ್ಯಾಸು ಬರೋದು ಹಡಗಲ್ಲಿ, ಹೊರದೇಶದಿಂದ, ಎಲ್‌ಎನ್‌ಜಿ ರೂಪದಲ್ಲಿ, ಅಂದ್ರೆ ತಣ್ಣಗೆ ಮಾಡಿ ದ್ರವ ಮಾಡಿದ ಗ್ಯಾಸ್. ನಮ್ ದೇಶಕ್ಕೆ ಎಲ್‌ಎನ್‌ಜಿ ಕೊಡೋರಲ್ಲಿ ದೊಡ್ಡವರು ಕತಾರ್. ಕತಾರ್ ಹಡಗು ಹೊರಗೆ ಬರ್ಬೇಕಂದ್ರೆ ಹಾರ್ಮುಜ್ ಜಲಸಂಧಿ ಅನ್ನೋ ಕಿರಿದಾದ ಸಮುದ್ರ ದಾರಿ ದಾಟ್ಲೇಬೇಕು, ಬೇರೆ ದಾರಿ ಇಲ್ಲ. ಪ್ರಪಂಚದ ಎಲ್‌ಎನ್‌ಜಿ ವ್ಯಾಪಾರದಲ್ಲಿ ಸುಮಾರು ಐದನೇ ಒಂದು ಭಾಗ ಅಲ್ಲೇ ಹೋಗೋದು. ಒಂದು ದಡದಲ್ಲಿ ಇರಾನ್ ಕೂತಿದೆ. ಅಲ್ಲಿಗೆ ಪಾಂಡವಪುರದ ಗದ್ದೆಗೆ ಎರಚೋ ಬಿಳಿ ಕಾಳಿಗೂ ಇರಾನ್ ಸೇನೆ ಏನ್ ಯೋಚನೆ ಮಾಡ್ತಿದೆ ಅನ್ನೋದಕ್ಕೂ ನಂಟು ಬಿತ್ತಾ ಇಲ್ವಾ ಹೇಳಿ.

2025ರ ಜೂನ್ ತಗೊಳಿ. ಜೂನ್ 13ಕ್ಕೆ ಇಸ್ರೇಲ್ ಇರಾನ್ ಮೇಲೆ ದಾಳಿ ಮಾಡ್ತು. ಟಿವಿಯವ್ರೆಲ್ಲಾ ಮಿಸೈಲ್ ತೋರಿಸ್ತಿದ್ರು. ಆದ್ರೆ ಅದೇ ದಿನ ಇನ್ನೊಂದು ನಡೀತು, ಅದನ್ನ ನಮ್ಮಲ್ಲಿ ಯಾರೂ ಸರಿಯಾಗಿ ಹೇಳ್ಲಿಲ್ಲ. ಇಸ್ರೇಲ್ ತನ್ನ ಸಮುದ್ರದ ಗ್ಯಾಸ್ ಬಾವಿ ಸೇಫ್ಟಿಗೆ ಅಂತ ನಿಲ್ಲಿಸ್ತು, ಆ ಗ್ಯಾಸ್ ನಂಬ್ಕೊಂಡಿದ್ದ ಈಜಿಪ್ಟಿನ ಯೂರಿಯಾ ಫ್ಯಾಕ್ಟರಿಗಳು ಬಂದ್ ಆದ್ವು. ಇರಾನೂ ದೊಡ್ಡ ಯೂರಿಯಾ ರಫ್ತುದಾರ, ಅಲ್ಲೂ ಉತ್ಪಾದನೆ ನಿಂತೋಯ್ತು. ಯುದ್ಧ ಹನ್ನೆರಡು ದಿನಕ್ಕೆ ಮುಗೀತು, ಆದ್ರೆ ಅದಕ್ಕೆ ಮುಂಚೆ ಟನ್ನಿಗೆ 400 ಡಾಲರ್ ಆಸುಪಾಸು ನಮ್ ದೇಶಕ್ಕೆ ಹೊರಗಿಂದ ಸಿಗ್ತಿದ್ದ ಯೂರಿಯಾ ಆಗಸ್ಟ್‌ನ ಆಮದು ಟೆಂಡರ್ ಹೊತ್ತಿಗೆ 500 ದಾಟಿತ್ತು.

ಅತ್ಲಾಗೆ ಚೀನಾ. ಅವರು 2021ರ ಅಕ್ಟೋಬರ್‌ನಿಂದಲೇ ಗೊಬ್ಬರ ರಫ್ತಿಗೆ ಬಿಗಿ ಹಾಕಿದ್ದಾರೆ, ಮೊದ್ಲು ತಮ್ ದೇಶದ ರೈತರಿಗೆ ಸಿಗ್ಲಿ ಅಂತ. ಇದನ್ನ ಬರೀ ಶತ್ರುತ್ವ ಅನ್ಕೋಬೇಡಿ, ನಾವೂ ಈರುಳ್ಳಿ, ಅಕ್ಕಿ ವಿಷಯದಲ್ಲಿ ಅದನ್ನೇ ಮಾಡಿದೀವಿ. ಆದ್ರೂ ರಾಜಕೀಯ ಇಲ್ವೇ ಇಲ್ಲ ಅಂತಲ್ಲ, 2025ರ ಆಗಸ್ಟಲ್ಲಿ ಚೀನಾ ವಿದೇಶಾಂಗ ಮಂತ್ರಿ ವಾಂಗ್ ಯಿ ದೆಹಲಿಗೆ ಬಂದಾಗ ಮಾತುಕತೆಲಿ ಇದ್ದ ವಿಷಯ ಏನು ಗೊತ್ತಾ, ಗೊಬ್ಬರ, ಅಪರೂಪದ ಖನಿಜ, ಸುರಂಗ ಕೊರೆಯೋ ಮಿಷಿನ್ನು. ಮೆಟ್ರೋ ಸುರಂಗ, ಎಲೆಕ್ಟ್ರಿಕ್ ಗಾಡಿಯ ಮ್ಯಾಗ್ನೆಟ್, ನಮ್ ಭತ್ತ, ಮೂರೂ ಒಂದೇ ಟೇಬಲ್ ಮೇಲೆ.

ಈಗ ಅದೇ ಹೊತ್ತಲ್ಲಿ ನಮ್ಮೂರ್ ಕಡೆ ಏನಾಗಿತ್ತು? ಆ ವರ್ಷ ಮಳೆ ಬೇಗ ಹಿಡೀತು. ಕೆಆರ್‌ಎಸ್ ಜೂನ್ ತಿಂಗಳಲ್ಲೇ 124.80 ಅಡಿ ತುಂಬ್ತು, ಜೂನ್ 30ಕ್ಕೆ ಸಿಎಂ ಬಾಗಿನ ಬಿಟ್ರು. ರಾಜ್ಯದ ಬೇರೆ ಕಡೆ ಮೆಕ್ಕೆಜೋಳ ಜಾಸ್ತಿ ಹಾಕಿದ್ರು, ಅದು ಯೂರಿಯಾನ ಚೆನ್ನಾಗಿ ತಿನ್ನೋ ಬೆಳೆ. ಅಂದ್ರೆ ಹೊರಗಡೆ ಮಾಲು ಕಮ್ಮಿ ಆದ ಟೈಮಿಗೆ ಇಲ್ಲಿ ಬೇಡಿಕೆ ಬೇಗನೂ ಬಂತು ಜಾಸ್ತಿನೂ ಬಂತು. ಮೊದ್ಲು ಸದ್ದಾಗಿದ್ದು ಕೊಪ್ಪಳ, ಹಾವೇರಿ, ದಾವಣಗೆರೆ ಕಡೆ. ಸಿದ್ದರಾಮಯ್ಯನೋರು ಕೇಂದ್ರ ಮಂತ್ರಿ ಜೆ.ಪಿ. ನಡ್ಡಾ ಅವರಿಗೆ ಪತ್ರ ಬರೆದ್ರು, ಏಪ್ರಿಲ್‌ನಿಂದ ಜುಲೈಗೆ 6.80 ಲಕ್ಷ ಟನ್ ಬೇಕಿತ್ತು, ಬಂದಿದ್ದು 5.16 ಲಕ್ಷ ಟನ್ ಅಂತ. ಕೇಂದ್ರದವ್ರು ಸಾಕಷ್ಟು ಕೊಟ್ಟಿದೀವಿ, ನೀವು ಸರಿಯಾಗಿ ಹಂಚಿಲ್ಲ ಅಂದ್ರು. ಒಬ್ರು ಹೊಸದಾಗಿ ಬಂದಿದ್ದು ಮಾತ್ರ ಲೆಕ್ಕ ಹಾಕ್ತಾರೆ, ಇನ್ನೊಬ್ರು ಹಳೇ ಸ್ಟಾಕೂ ಸೇರಿಸ್ತಾರೆ. ಹಿಂಗೆ ಎರಡು ಕಡೆಯವ್ರೂ ನಂಬರ್ ಹೇಳ್ವಾಗ ಯಾವ ತಾರೀಖಿಂದು, ಹಳೇ ಸ್ಟಾಕ್ ಸೇರಿದ್ಯಾ ಅಂತ ಕೇಳಿ, ಅರ್ಧ ಜಗಳ ಅಲ್ಲೇ ಬಗೆಹರಿಯುತ್ತೆ.

ಇಂಥ ಟೈಮಲ್ಲಿ ಬೈಸ್ಕೊಳೋದು ಮಾತ್ರ ಸೊಸೈಟಿ ಸೆಕ್ರೆಟರಿ. ನಾಟಿ ಆಗಿ ಮೂರ್ನಾಲ್ಕು ವಾರಕ್ಕೆ ತೆಂಡೆ ಒಡೆಯೋ ಹೊತ್ತಿಗೆ ಮೇಲುಗೊಬ್ಬರ ಬೀಳ್ಬೇಕು, ಹದಿನೈದು ದಿನ ತಡ ಆದ್ರೆ ಇಳುವರಿ ಹೋಯ್ತು, ಆ ಸಂಕಟದಲ್ಲಿ ಸೊಸೈಟಿಗೆ ಬಂದಿರೋರು ರೈತ್ರು. ನಮ್ ಕಡೆ ಒಬ್ರು ದೊಡ್ಡೋರು ಕ್ಯೂನಲ್ಲಿ ನಿಂತ್ಕೊಂಡು ಕೇಳಿದ್ರು, "ಅಲ್ಲ ಕಣ್ ಮಗ, ಹೆಬ್ಬೆಟ್ಟು ಒತ್ತಿಸ್ಕೊಳ್ಳೋ ಮಿಷಿನ್ ಐತೆ, ಆಧಾರ್ ಐತೆ, ಎಲ್ಲಾ ಲೆಕ್ಕ ಐತೆ, ಗೊಬ್ರ ಒಂದ್ ಇಲ್ವಲ್ಲ ಯಾಕೆ?" ನಿಜವಾಗ್ಲೂ ನ್ಯಾಯವಾದ ಪ್ರಶ್ನೆ. ಆ ಮಿಷಿನ್ನು ಯಾರಿಗೆ ಮಾರಿದ್ರು ಅಂತ ಹೇಳುತ್ತೆ, ಹಡಗು ಎಲ್ಲಿದೆ ಅಂತ ಹೇಳಲ್ಲ.

ಇನ್ನೊಂದು ಸೋರಿಕೆ ಇದೆ, ಅದನ್ನ ಹೇಳ್ದೆ ಬಿಟ್ರೆ ತಪ್ಪಾಗುತ್ತೆ. ಈ ಚೀಲದ ಅಸಲಿ ಖರ್ಚು ಎರಡು ಸಾವಿರ ದಾಟುತ್ತೆ, ಮಿಕ್ಕಿದ್ದೆಲ್ಲಾ ಸಬ್ಸಿಡಿ. 2022-23ರಲ್ಲಿ ಗೊಬ್ಬರದ ಸಬ್ಸಿಡಿ ಒಂದೇ ಎರಡೂವರೆ ಲಕ್ಷ ಕೋಟಿ ಮುಟ್ಟಿತ್ತು, ರೈತನ ಬದಲು ಯುದ್ಧದ ಬಿಲ್ಲನ್ನ ಸರ್ಕಾರದ ಖಜಾನೆ ಕಟ್ತು ಅಂತ ಅರ್ಥ. ಇಷ್ಟು ಅಗ್ಗದ ಮಾಲು ಇದ್ರೆ ಕಳ್ಳರು ಸುಮ್ನೆ ಇರ್ತಾರಾ, ಪ್ಲೈವುಡ್ ಅಂಟು ಮಾಡೋಕೆ ಯೂರಿಯಾ ಬೇಕು, ಅಲ್ಲಿಗೆ ತಿರುಗಿಸ್ತಾರೆ. 2015ರಿಂದ ಬೇವಿನೆಣ್ಣೆ ಲೇಪನ ಕಡ್ಡಾಯ ಮಾಡಿದ್ದಕ್ಕೆ ಇದೂ ಒಂದು ಕಾರಣ, ಆದ್ರೂ ಪೂರ್ತಿ ನಿಂತಿಲ್ಲ. ಮಂಡ್ಯದ ರೈತ ಕ್ಯೂನಲ್ಲಿ ನಿಂತಿರ್ವಾಗ ಅವನ ಪಾಲಿನ ಚೀಲ ಪ್ಲೈವುಡ್ ಫ್ಯಾಕ್ಟರಿಗೆ ಹೋಗೋದು ಸಣ್ಣ ಕಳ್ಳತನ ಅಲ್ಲ, ಇದರ ಬಗ್ಗೆ ನಂಗೆ ತುಂಬಾ ಸಿಟ್ಟಿದೆ.

ಡಿಎಪಿ, ಅಂದ್ರೆ ರಂಜಕ ಇರೋ ಗೊಬ್ಬರದ ಕಥೆ ಬೇರೆ, ಅದಕ್ಕೆ ಮೊರಾಕೊ, ಜೋರ್ಡಾನ್, ಸೌದಿ ಬೇಕು, ಇನ್ನೊಂದು ವಿಡಿಯೋ ಮಾಡ್ತೀನಿ.

ಹಂಗಾದ್ರೆ ದಾರಿ? ಗೋರಖ್‌ಪುರ, ಸಿಂದ್ರಿ, ಬರೌನಿ, ರಾಮಗುಂಡಂ, ಮುಚ್ಚಿದ್ದ ಫ್ಯಾಕ್ಟರಿಗಳನ್ನ ಮತ್ತೆ ಶುರು ಮಾಡಿದ್ದಾರೆ, ಒಂದೊಂದೂ ವರ್ಷಕ್ಕೆ 12.7 ಲಕ್ಷ ಟನ್ ಸಾಮರ್ಥ್ಯ. ಇದು ದೊಡ್ಡ ಕೆಲಸ, ಮೆಚ್ಚಲೇಬೇಕು. ಆದ್ರೆ ಅವಕ್ಕೂ ಗ್ಯಾಸ್ ಬೇಕು, ಆ ಗ್ಯಾಸಲ್ಲಿ ಬಹುಪಾಲು ಹೊರಗಿಂದೇ. ಚೀಲ ತರಿಸೋ ಬದಲು ಗ್ಯಾಸ್ ತರಿಸ್ತಿದೀವಿ, ಉದ್ಯೋಗ ಇಲ್ಲಿ ಉಳಿಯುತ್ತೆ, ಹಾರ್ಮುಜ್ ಭಯ ಹಂಗೇ ಉಳಿಯುತ್ತೆ. ಬಿಸಿಲಿನ ಕರೆಂಟಲ್ಲಿ ನೀರು ಒಡೆದು ಹೈಡ್ರೋಜನ್ ತೆಗೆದು ಅಮೋನಿಯಾ ಮಾಡೋದಕ್ಕೆ 2025ರಲ್ಲಿ ಸರ್ಕಾರ ಹರಾಜು ಕರೀತು, ಒಳ್ಳೆ ರೇಟೂ ಬಂತು. ಅದು ಡಿಎಪಿ, ಕಾಂಪ್ಲೆಕ್ಸ್ ಗೊಬ್ಬರಕ್ಕೆ ನೇರವಾಗಿ ಆಗುತ್ತೆ. ಯೂರಿಯಾ ಮಾಡೋಕೆ ಮಾತ್ರ ಅಮೋನಿಯಾ ಜೊತೆ ಕಾರ್ಬನ್ ಡೈಆಕ್ಸೈಡೂ ಬೇಕು, ಈಗ ಅದು ಅದೇ ಗ್ಯಾಸ್ ಫ್ಯಾಕ್ಟರಿಲಿ ಪುಕ್ಕಟೆ ಸಿಗ್ತಿದೆ, ಬಿಸಿಲಿನ ದಾರಿಲಿ ಹೋದ್ರೆ ಅದನ್ನ ಬೇರೆ ಕಡೆಯಿಂದ ಹೊಂದಿಸ್ಬೇಕು.

ನಮ್ ಮಂಡ್ಯ ಮೈಸೂರು ಕಡೆ ಸಕ್ಕರೆ ಫ್ಯಾಕ್ಟರಿ ಇದಾವೆ, ಡಿಸ್ಟಿಲರಿಲಿ ಎಥನಾಲ್ ಮಾಡ್ವಾಗ ಹುಳಿ ಬರೋ ಹೊತ್ತಲ್ಲಿ ಹೊಮ್ಮೋದು ಸುಮಾರು ಶುದ್ಧವಾದ ಕಾರ್ಬನ್ ಡೈಆಕ್ಸೈಡೇ. ಕಬ್ಬು ಬೆಳೆಯೋ ಊರಲ್ಲಿ ಅದನ್ನ ಹಿಡಿದಿಟ್ಟು ಗೊಬ್ಬರಕ್ಕೆ ಬಳಸೋ ಲೆಕ್ಕಾಚಾರನ ನಮ್ ಎಂಎಲ್‌ಎಗಳು, ಎಂಪಿಗಳು ಯಾಕೆ ಇನ್ನೂ ಕೇಳ್ತಿಲ್ಲ ಅನ್ನೋದು ನನ್ ಪ್ರಶ್ನೆ. ನೀವೂ ಕೇಳಿ, ಮುಂದಿನ ಸಲ ಅವ್ರು ನಿಮ್ಮೂರಿಗೆ ಬಂದಾಗ.