ಮಗುವಿನ ವಯಸ್ಸು ಯಾವತ್ತಿನಿಂದ ಎಣಿಸಬೇಕು?

ಕೇಳುಗರಿಗೆ ನಮಸ್ಕಾರ. ಇವತ್ತು ನಾನು ಮಾತಾಡಬೇಕೆಂದಿರುವುದು ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ಬಗ್ಗೆ. ತಾಯಂದಿರಿಗಿಂತ ಹೆಚ್ಚಾಗಿ ಮನೆಯ ಅಜ್ಜಿಯರು ಕೇಳಿಸಿಕೊಳ್ಳಲಿ ಅಂತ ನನ್ನಾಸೆ. ಮಗು ಯಾವಾಗ ಬೋರಲು ಬೀಳಬೇಕು, ಯಾವಾಗ ಕೂರಬೇಕು ಅಂತ ತೀರ್ಪು ಕೊಡುವವರು ನೀವೇ ತಾನೆ?

ಗರ್ಭಕ್ಕೆ 40 ವಾರದ ಲೆಕ್ಕ. 37 ವಾರ ತುಂಬುವ ಮೊದಲೇ ಹುಟ್ಟಿದರೆ ಅದು ಅವಧಿಗೆ ಮುಂಚಿನ ಹೆರಿಗೆ. ಅಂಥ ಮಗುವಿನ ಬೆಳವಣಿಗೆ ನೋಡುವಾಗ ಹುಟ್ಟಿದ ದಿನದಿಂದ ಎಣಿಸಬೇಡಿ. ಡಾಕ್ಟರು ಹೆರಿಗೆಗೆ ಕೊಟ್ಟಿದ್ದ ತಾರೀಖಿನಿಂದ ಎಣಿಸಿ. ಆ ತಾರೀಖು ನಿಮ್ಮ ತಾಯಿ ಕಾರ್ಡಿನಲ್ಲೇ ಬರೆದಿರುತ್ತದೆ. ನಾನು ಹೇಳಬೇಕಾದ್ದು ಇಷ್ಟೇ. ಆದರೆ ಒಂದು ಸಲ ಹೇಳಿದರೆ ಯಾರೂ ಒಪ್ಪುವುದಿಲ್ಲ!

ಒಮ್ಮೆ ಯುಗಾದಿ ಮುಗಿದ ಮಾರನೆಯ ದಿನ ಒಬ್ಬ ಅಜ್ಜಿ ಮೊಮ್ಮಗನನ್ನು ಎತ್ತಿಕೊಂಡು ಬಂದರು. ಹಿಂದೆ ಸೊಸೆ, ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಿದ್ದಳು. “ಡಾಕ್ಟ್ರೇ, ಗೌರಿ ಹಬ್ಬಕ್ಕೆ ಹುಟ್ಟಿದ ಕೂಸು. ಏಳು ತಿಂಗಳಾಯ್ತು, ಕೂರೋದೇ ಇಲ್ಲ. ಎದುರು ಮನೆ ಮಗು ಅದೇ ವಾರ ಹುಟ್ಟಿದ್ದು, ಆಗಲೇ ಕೂತು ತಟ್ಟೆ ಬಡೀತದೆ” ಅಂದರು. ಸೊಸೆ ಸರಿಯಾಗಿ ಎಣ್ಣೆ ತಿಕ್ಕುತ್ತಿಲ್ಲ ಅನ್ನುವ ದೂರು ಬೇರೆ. ಕಾರ್ಡು ನೋಡಿದೆ. ಹೆರಿಗೆ ಆಗಬೇಕಿದ್ದದ್ದು ದೀಪಾವಳಿ ಹೊತ್ತಿಗೆ. ಹೆಚ್ಚುಕಡಿಮೆ ಎಂಟು ವಾರ ಮುಂಚೆ ಬಂದಿದ್ದಾನೆ. “ಅಜ್ಜಿ, ದೀಪಾವಳಿಯಿಂದ ಎಣಿಸಿ ನೋಡೋಣ” ಅಂದೆ. ಅವರು ನನ್ನನ್ನು ಅನುಮಾನದಿಂದ ನೋಡಿ ಬೆರಳು ಮಡಿಸತೊಡಗಿದರು. ಕಾರ್ತಿಕ, ಮಾರ್ಗಶಿರ, ಪುಷ್ಯ, ಮಾಘ, ಫಾಲ್ಗುಣ. ಐದು! “ಐದು ತಿಂಗಳಿಗೆ ಯಾವ ಮಗು ಕೂರ್ತದೆ ಅಜ್ಜಿ?” ಅಂದೆ. ಪರೀಕ್ಷೆ ಮಾಡಿದರೆ ಹುಡುಗನ ಕತ್ತು ಗಟ್ಟಿಯಾಗಿ ನಿಂತಿದೆ, ಬೋರಲು ಬೀಳುತ್ತಾನೆ, ನನ್ನ ಕನ್ನಡಕಕ್ಕೇ ಕೈ ಹಾಕಿದ. ಐದು ತಿಂಗಳಿಗೆ ಇನ್ನೇನು ಬೇಕು? ಅಜ್ಜಿ ಅಲ್ಲಿಂದಲೇ ಮಗನಿಗೆ ಫೋನು ಹಚ್ಚಿ, “ನಿನ್ನ ಮಗನಿಗೆ ಐದೇ ತಿಂಗಳು ಕಣೋ” ಅಂತ ಜೋರಾಗಿ ಹೇಳಿದರು. ಹೊರಗೆ ಕೂತವರೆಲ್ಲ ನಗುತ್ತಿದ್ದರು. ಸೊಸೆಯೂ ನಕ್ಕಳು.

ಯಾಕೆ ಹೀಗೆ? ಮಿದುಳು ಗರ್ಭ ಕಟ್ಟಿದಾಗಿನಿಂದ ತನ್ನದೇ ಲೆಕ್ಕದಲ್ಲಿ ಬೆಳೆಯುತ್ತದೆ. ಮಗು ಬೇಗ ಹೊರಗೆ ಬಂತು ಅಂತ ಅದು ಅವಸರ ಮಾಡುವುದಿಲ್ಲ.

ಹಾಗಾಗಿ ಡಾಕ್ಟರು ಕೊಟ್ಟ ತಾರೀಖಿನಿಂದ ಎಣಿಸಿ. ಎರಡು ತಿಂಗಳಿಗೆ ನಿಮ್ಮ ಮುಖ ನೋಡಿ ನಗಬೇಕು. ನಾಲ್ಕಕ್ಕೆ ಕತ್ತು ನಿಲ್ಲಬೇಕು. ಒಂಬತ್ತರೊಳಗೆ ಆಸರೆಯಿಲ್ಲದೆ ಕೂರಬೇಕು. ಒಂದೂವರೆ ವರ್ಷದೊಳಗೆ ನಡೆಯಬೇಕು. ಎರಡು ವರ್ಷ ತುಂಬುವವರೆಗೆ ಇದೇ ಲೆಕ್ಕ. ಈ ಲೆಕ್ಕದಲ್ಲೂ ಹಿಂದೆ ಬಿದ್ದರೆ, ಕೈಕಾಲು ಸೆಟೆದುಕೊಂಡಿದ್ದರೆ, ಮಗು ಒಂದೇ ಕೈ ಆಡಿಸುತ್ತಿದ್ದರೆ, “ಬೇಗ ಹುಟ್ಟಿದ್ದು, ಇರಲಿ ಬಿಡಿ” ಅಂತ ಕೂರಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ, ಮಕ್ಕಳ ತಜ್ಞರಿಗೆ ತೋರಿಸಿ. ಮಿದುಳು ಎಳೆಯದಾಗಿದ್ದಾಗಲೇ ವ್ಯಾಯಾಮ ಶುರುವಾದರೆ ಫಲ ಹೆಚ್ಚು.

ಸಮಯ ಮುಗೀತಾ ಬಂತು, ಬೇಗ ಬೇಗ ಹೇಳುತ್ತೇನೆ. ಲಸಿಕೆಗೆ ಮಾತ್ರ ಹುಟ್ಟಿದ ದಿನದ್ದೇ ಲೆಕ್ಕ. ಆರು, ಹತ್ತು, ಹದಿನಾಲ್ಕು ವಾರಕ್ಕೆ ಹಾಕಿಸಿ, “ಇನ್ನೂ ಚಿಕ್ಕದು” ಅಂತ ಮುಂದೂಡಬೇಡಿ. ಕಣ್ಣಿಗೂ ಹಾಗೇ. 34 ವಾರಕ್ಕೆ ಮುಂಚೆ ಹುಟ್ಟಿದ್ದರೆ, ಇಲ್ಲವೇ ತೂಕ ಎರಡು ಕೆ.ಜಿ.ಗಿಂತ ಕಡಿಮೆ ಇದ್ದರೆ, ಹುಟ್ಟಿ 30 ದಿನದೊಳಗೆ ರೆಟಿನಾ, ಅಂದರೆ ಕಣ್ಣಿನ ಒಳಪರದೆಯ ಪರೀಕ್ಷೆ ಆಗಲೇಬೇಕು. ತೀರಾ ಬೇಗ ಹುಟ್ಟಿದ ಮಗುವಿಗೆ ಇನ್ನೂ ಮೊದಲೇ. ಆ ಪರೀಕ್ಷೆ ತಪ್ಪಿದರೆ ದೃಷ್ಟಿಯೇ ಹೋಗಬಹುದು, ಮಗು ನೋಡೋಕೆ ಎಷ್ಟೇ ಚೆನ್ನಾಗಿರಲಿ. ಕಿವಿಯನ್ನೂ ಪರೀಕ್ಷೆ ಮಾಡಿಸಿ.

ಇನ್ನೊಂದು. ಬೇಗ ನಡೆಯಲಿ ಅಂತ ಅಂಗಡಿಯಿಂದ ಚಕ್ರದ ವಾಕರ್ ತರುತ್ತೀರಲ್ಲ, ದಯವಿಟ್ಟು ತರಬೇಡಿ. ಅದರಿಂದ ಯಾವ ಮಗುವೂ ಬೇಗ ನಡೆದಿಲ್ಲ, ಮೆಟ್ಟಿಲಿಂದ ಬಿದ್ದದ್ದು ಉಂಟು. ನಮಸ್ಕಾರ.