ತಲೆ ಕೊನೆಗೆ ಮೇಲೆ ಬರಬೇಕು

ನಮಸ್ಕಾರ ಕೇಳುಗರೇ.

ಎರಡೂವರೆ ಮೀಟರ್ ಆಸುಪಾಸಿನ ಒಂದು ಪುಟ್ಟ ದೋಣಿ, ಕಯಾಕ್ ಅಂತಾರೆ. ಅದರೊಳಗೆ ಕಾಲು ಚಾಚಿ ಕೂತಿದ್ದೀರಿ. ಸೊಂಟದ ಸುತ್ತ ರಬ್ಬರಿನಂಥ ದಪ್ಪ ಬಟ್ಟೆ, ಅದರ ಅಂಚನ್ನು ದೋಣಿಯ ಬಾಯಿಗೆ ಬಿಗಿಯಾಗಿ ಸಿಕ್ಕಿಸಿದ್ದಾರೆ, ನೀರು ಒಳಗೆ ಬರಬಾರದು ಅಂತ. ಈಗ ದೋಣಿ ಮಗುಚಿತು. ತಲೆ ನೀರಿನ ಕೆಳಗೆ, ಕಾಲು ಮೇಲೆ, ಮೂಗಿನ ತುಂಬ ನೀರು. ಏನು ಮಾಡುತ್ತೀರಿ?

ಎಲ್ಲರೂ ಮಾಡುವುದು ಒಂದೇ. ಉಸಿರು ಬೇಕಲ್ಲ, ತಲೆ ಎತ್ತುತ್ತಾರೆ. ಅದೇ ತಪ್ಪು. ತಲೆ ಬಹಳ ಭಾರ. ಅದನ್ನು ಮೊದಲು ಎತ್ತಲು ಹೋದರೆ ದೋಣಿ ಅರ್ಧ ಎದ್ದು ಮತ್ತೆ ನಿಮ್ಮ ಮೇಲೇ ಬೀಳುತ್ತದೆ. ಮೊದಲು ಸೊಂಟ ಹೊರಳಿಸಿ ದೋಣಿಯನ್ನು ನೆಟ್ಟಗೆ ಮಾಡಬೇಕು, ಆಮೇಲೆ ಮೈ, ಎಲ್ಲಕ್ಕಿಂತ ಕೊನೆಗೆ ತಲೆ. ಇದಕ್ಕೆ ರೋಲ್ ಅಂತ ಹೆಸರು. ನಾನು ಇಷ್ಟು ಸಲೀಸಾಗಿ ಹೇಳಿದೆ, ನೀವೂ ತಲೆಯಾಡಿಸಿರಬಹುದು. ಆದರೆ ನಿಂತ ನೀರಿನಲ್ಲಿ ನನಗೆ ಮೊದಲ ರೋಲ್ ದಕ್ಕಿದ್ದು ಹನ್ನೊಂದನೇ ದಿನ.

ಆಗ ನಾನು ಹೋಗಿದ್ದು ಕಯಾಕ್ ಕಲಿಯಲು ಅಲ್ಲ. ಗಣಿತ ಕಲಿಸಲು. ಅದೊಂದು ಊರೂರು ತಿರುಗುವ ಪ್ರೌಢಶಾಲೆ. ಅಮೆರಿಕದ ಕಡೆ ಇಂಥ ಕೆಲವು ಶಾಲೆಗಳಿವೆ. ಕಟ್ಟಡ ಇಲ್ಲ, ಗಂಟೆ ಇಲ್ಲ. ಒಂದು ವ್ಯಾನು, ಅದರ ನೆತ್ತಿಯ ಮೇಲೆ ಬಣ್ಣಬಣ್ಣದ ದೋಣಿಗಳು, ಹತ್ತು ಹನ್ನೆರಡು ಮಕ್ಕಳು, ಮೂರು ನಾಲ್ಕು ಮೇಷ್ಟ್ರುಗಳು. ಕೆಲವು ವಾರ ಒಂದು ನದಿ, ಆಮೇಲೆ ಇನ್ನೊಂದು ದೇಶದ ಇನ್ನೊಂದು ನದಿ. ಬೆಳಗ್ಗೆ ಪಾಠ, ಮಧ್ಯಾಹ್ನ ನೀರು, ಸಂಜೆ ಮತ್ತೆ ಪಾಠ. ನಾನು ದಡದಲ್ಲೇ ಕೂತು ಹೋಂವರ್ಕ್ ತಿದ್ದುತ್ತೇನೆ ಅಂದುಕೊಂಡಿದ್ದೆ. ಮೊದಲ ದಿನವೇ ಅಲ್ಲಿನ ಹದಿನಾರು ವರ್ಷದ ಹುಡುಗಿಯೊಬ್ಬಳು ನನ್ನ ತಲೆಗೆ ಹೆಲ್ಮೆಟ್ ಹಾಕಿ, ಲೈಫ್ ಜಾಕೆಟ್ಟಿನ ಪಟ್ಟಿ ಎಳೆದು ಬಿಗಿ ಮಾಡಿ, "ಸರ್, ನೀವು ನೀರಿಗೆ ಇಳಿಯದಿದ್ದರೆ ನಿಮ್ಮ ಲೆಕ್ಕ ನಮಗೆ ಅರ್ಥ ಆಗೋದಿಲ್ಲ" ಅಂದಳು. ತಮಾಷೆಗೆ ಹೇಳಿದ್ದು, ಆದರೆ ನಿಜವೇ ಆಯಿತು.

ಮೊದಲ ಪಾಠ ರೋಲ್ ಅಲ್ಲ, ಹೊರಗೆ ಬರುವುದು. ಮಗುಚಿದಾಗ ಮುಂದಕ್ಕೆ ಬಾಗಿ, ಬಟ್ಟೆಯ ಮುಂತುದಿಯಲ್ಲಿರುವ ಕುಣಿಕೆ ಹಿಡಿದು ಮುಂದಕ್ಕೆ ಎಳೆದು ಬಿಡಿಸಿ, ಪ್ಯಾಂಟು ಕಳಚಿದ ಹಾಗೆ ದೋಣಿಯನ್ನು ಕಾಲಿನಿಂದ ಕಳಚಿಕೊಳ್ಳಬೇಕು. ಆ ಕುಣಿಕೆ ಬಟ್ಟೆಯ ಒಳಗೆ ಮಡಚಿಕೊಂಡಿದ್ದರೆ ಕೈಗೆ ಸಿಗುವುದಿಲ್ಲ. ಹಾಗಾಗಿ ನೀರಿಗಿಳಿಯುವ ಮುಂಚೆ ಪ್ರತಿಯೊಬ್ಬರೂ ಪಕ್ಕದವರ ಕುಣಿಕೆ ಹೊರಗಿದೆಯಾ ಅಂತ ನೋಡುತ್ತಾರೆ. ಎಷ್ಟೇ ಅನುಭವ ಇರಲಿ, ನೋಡುತ್ತಾರೆ. ಒಂದು ದಿನ ನನ್ನದು ಒಳಗೇ ಉಳಿದಿತ್ತು. ನೋಡಿದ್ದು ಆ ಹುಡುಗಿಯೇ. ಏನೂ ಹೇಳಲಿಲ್ಲ, ಬೆರಳಿನಿಂದ ಎಳೆದು ಹೊರಗೆ ಹಾಕಿದಳು ಅಷ್ಟೇ. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮಾಡಿ ಕಲಿಯುವುದು ಅಂದರೆ ಸುಮ್ನೆ ಕೈ ಆಡಿಸುವುದಲ್ಲ ಅಂತ ನನಗೆ ಹೊಳೆದದ್ದು ನೊರೆನೀರಿನ ಇನ್ನೊಂದು ವಿಚಿತ್ರದಿಂದ. ಅಲ್ಲಿ ಮೈಗೆ ತಾನಾಗಿ ತೋಚುವ ಉತ್ತರ ಬಹಳ ಸಲ ತಪ್ಪು. ಸೆಳವು ನಿಮ್ಮನ್ನು ಬಂಡೆಗೆ ತಳ್ಳಿದರೆ ಮೈ ಬಂಡೆಯಿಂದ ದೂರ ವಾಲುತ್ತದೆ. ಹಾಗೆ ವಾಲಿದರೆ ಮೇಲಿನಿಂದ ಬರುವ ನೀರು ದೋಣಿಯ ಅಂಚನ್ನು ಹಿಡಿದು ಮಗುಚುತ್ತದೆ. ಬಂಡೆಯನ್ನು ತಬ್ಬಿಕೊಳ್ಳುವ ಹಾಗೆ ಅದರ ಕಡೆಗೇ ವಾಲಬೇಕು. ದೋಣಿಯಿಂದ ಬಿದ್ದು ಈಜುತ್ತಿದ್ದೀರಿ, ನೀರು ಮಂಡಿಯವರೆಗೆ ಮಾತ್ರ ಇದೆ, ಎದ್ದು ನಿಲ್ಲೋಣ ಅನಿಸುತ್ತದೆ ಅಲ್ವಾ? ಸೆಳವಿನಲ್ಲಿ ನಿಲ್ಲಲೇಬಾರದು. ಪಾದ ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡರೆ ನೀರು ಬೆನ್ನಿನ ಮೇಲೆ ಒತ್ತಿ ಮಲಗಿಸಿಬಿಡುತ್ತದೆ, ಮಂಡಿಯುದ್ದದ ನೀರಿನಲ್ಲೂ ಜನ ಸಾಯುವುದು ಹೀಗೆ. ಅಂಗಾತ ಮಲಗಿ, ಪಾದ ಮೇಲೆ ತೇಲಿಸಿ, ನೀರು ಹೋಗುವ ದಿಕ್ಕಿಗೆ ಕಾಲು ಚಾಚಿ ತೇಲಬೇಕು. ಇದನ್ನೆಲ್ಲ ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದರೆ ನೂರಕ್ಕೆ ನೂರು ಬರುತ್ತದೆ. ಮೈಗೆ ಮಾತ್ರ ಏನೂ ಗೊತ್ತಾಗಿರುವುದಿಲ್ಲ.

ಹಾಗಂತ ಪುಸ್ತಕ ದಂಡ ಅಂದುಕೊಳ್ಳಬೇಡಿ. ರೋಲ್ ಆರ್ಕ್ಟಿಕ್ ಪ್ರದೇಶದ ಬೇಟೆಗಾರರ ವಿದ್ಯೆ. ಚರ್ಮದ ದೋಣಿಗೆ ತೊಟ್ಟ ಅಂಗಿಯನ್ನೇ ಬಿಗಿದುಕೊಂಡು ಹೆಪ್ಪುಗಟ್ಟುವ ಸಮುದ್ರಕ್ಕೆ ಸೀಲ್ ಬೇಟೆಗೆ ಹೋಗುತ್ತಿದ್ದ ಅವರಿಗೆ ದೋಣಿಯಿಂದ ಹೊರಬಿದ್ದರೆ ಸಾವೇ. ಕಯಾಕ್ ಅನ್ನುವ ಹೆಸರೂ ಅಲ್ಲಿನ ಇನ್ಯುಯಿಟ್ ಜನರ ಮಾತಿನದೇ. 1927ರಲ್ಲಿ ಆಸ್ಟ್ರಿಯಾದ ಪಾವ್ಲಾಟಾ ಎಂಬಾತ ಈ ರೋಲ್ ಮಾಡಿ ತೋರಿಸಿದ. ಹಾಗೆ ಮಾಡಿದ ಮೊದಲ ಯುರೋಪಿಯನ್ ಅಂತ ದಾಖಲಾಗಿರುವುದು ಅವನ ಹೆಸರೇ. ಅವನಿಗೆ ಕಲಿಸಿದವರು ಯಾರು? ಆರ್ಕ್ಟಿಕ್‌ಗೆ ಹೋಗಿ ಬಂದವರು ಬರೆದದ್ದನ್ನು ಓದಿ, ನೀರಿನಲ್ಲಿ ಮತ್ತೆ ಮತ್ತೆ ಮಗುಚಿ ಕಲಿತುಕೊಂಡ. ಓದಿದ್ದೂ ಬೇಕಾಯಿತು, ಮೂಗಿಗೆ ನೀರು ಹೋದದ್ದೂ ಬೇಕಾಯಿತು.

ಇನ್ನು ನನ್ನ ಗಣಿತಕ್ಕೆ ಬರುತ್ತೇನೆ. ದಡದಲ್ಲಿ ಇಪ್ಪತ್ತು ಮೀಟರ್ ಅಳೆದು ಎರಡು ಕೋಲು ನೆಡುತ್ತಿದ್ದೆವು. ಮೇಲಿನ ಕೋಲಿನ ಹತ್ತಿರ ಒಂದು ಕಿತ್ತಳೆ ಹಣ್ಣು ಎಸೆಯುವುದು, ಕೆಳಗಿನ ಕೋಲು ದಾಟಲು ಎಷ್ಟು ಸೆಕೆಂಡು ಅಂತ ಎಣಿಸುವುದು. ಕಿತ್ತಳೆಯೇ ಯಾಕೆ ಅಂದರೆ ಅದು ಬಹುಪಾಲು ಮುಳುಗಿ ತೇಲುತ್ತದೆ, ಗಾಳಿ ಅದನ್ನು ತಳ್ಳುವುದಿಲ್ಲ, ದೂರಕ್ಕೂ ಕಾಣುತ್ತದೆ. ಹತ್ತು ಸೆಕೆಂಡು ಆಯಿತು ಅನ್ನಿ, ಸೆಕೆಂಡಿಗೆ ಎರಡು ಮೀಟರ್ ವೇಗ. ನದಿಯ ಅಗಲ 15 ಮೀಟರ್, ಸರಾಸರಿ ಆಳ ಒಂದು ಮೀಟರ್. ತಳದ ನೀರು ಮೇಲಿನದಕ್ಕಿಂತ ನಿಧಾನ, ಅದಕ್ಕಾಗಿ 0.85ರಿಂದ ಗುಣಿಸಬೇಕು. ಉತ್ತರ ಸೆಕೆಂಡಿಗೆ 25.5 ಘನ ಮೀಟರ್. ಒಂದು ಘನ ಮೀಟರ್ ನೀರು ಅಂದರೆ ಒಂದು ಟನ್. ಅಂದರೆ ಪ್ರತಿ ಸೆಕೆಂಡಿಗೆ ಇಪ್ಪತ್ತೈದು ಟನ್ ಚಿಲ್ಲರೆ ನಮ್ಮ ಮುಂದೆ ಹಾದುಹೋಗುತ್ತಿದೆ. ಈ ಮಾತು ಹೇಳಿದ ಕೂಡಲೇ ಮಕ್ಕಳು ಲೆಕ್ಕದ ಹಾಳೆ ಬಿಟ್ಟು ನದಿಯ ಕಡೆ ನೋಡಿದರು. ವೇಗ ಎರಡರಷ್ಟಾದರೆ ನೀರಿನ ತಳ್ಳುವ ಬಲ ನಾಲ್ಕರಷ್ಟಾಗುತ್ತದೆ ಅನ್ನುವ ಸೂತ್ರವನ್ನು ನಾನು ಹತ್ತಾರು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ, ಒಬ್ಬರೂ ಹೀಗೆ ತಿರುಗಿ ನೋಡಿರಲಿಲ್ಲ.

ಈ ಶಾಲೆಯಲ್ಲಿ ನಿಜವಾಗಿ ಕಲಿಸುವುದು ಓದುವುದನ್ನು. ನೀರನ್ನು ಓದುವುದು. ದೊಡ್ಡ ರ‍್ಯಾಪಿಡ್ ಅಂದರೆ ಬಂಡೆಗಳ ನಡುವೆ ನೀರು ನೊರೆಯೆದ್ದು ರಭಸವಾಗಿ ಹರಿಯುವ ಜಾಗ ಬಂದರೆ ಎಲ್ಲರೂ ಮೇಲೆಯೇ ದೋಣಿ ನಿಲ್ಲಿಸಿ, ದಡ ಹತ್ತಿ, ನಡೆದುಹೋಗಿ ನೋಡುತ್ತಾರೆ. ಅರ್ಧ ಗಂಟೆ ನೋಡಿ ಅರ್ಧ ನಿಮಿಷದಲ್ಲಿ ದಾಟುತ್ತಾರೆ. ನೀರಿನ ಮೇಲೆ ಇಂಗ್ಲಿಷಿನ 'ವಿ' ಅಕ್ಷರದಂಥ ಗೆರೆ ಕಂಡು, ಅದರ ಚೂಪು ತುದಿ ಕೆಳಕ್ಕೆ ತೋರಿಸುತ್ತಿದ್ದರೆ ಎರಡು ಬಂಡೆಗಳ ನಡುವೆ ದಾರಿ ಇದೆ. ಚೂಪು ತುದಿ ಮೇಲಕ್ಕೆ, ನಮ್ಮ ಕಡೆಗೆ ಇದ್ದರೆ ಅಲ್ಲೊಂದು ಕಲ್ಲು ಅಡಗಿದೆ. ಬಂಡೆಯ ಬೆನ್ನ ಹಿಂದೆ ನೀರು ಹಿಮ್ಮುಖವಾಗಿ ಹರಿದು ಒಂದು ಶಾಂತ ಜಾಗ ಮಾಡಿರುತ್ತದೆ, ಎಡ್ಡಿ ಅಂತಾರೆ. ಅಲ್ಲಿಗೆ ನುಗ್ಗಿ ನಿಂತು ಉಸಿರೆಳೆದುಕೊಂಡು, ಮುಂದಿನ ತುಂಡನ್ನು ನೋಡಬಹುದು. ಒಳ್ಳೆಯ ಕಯಾಕರ್‌ಗಳು ರ‍್ಯಾಪಿಡ್ಡನ್ನು ಒಂದೇ ಉಸಿರಿಗೆ ದಾಟುವುದಿಲ್ಲ, ಒಂದು ಎಡ್ಡಿಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತಾರೆ. ನೀರಿನ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ, ಎಲ್ಲ ಸನ್ನೆಯಲ್ಲೇ. ಹುಟ್ಟನ್ನು ಅಡ್ಡ ಹಿಡಿದರೆ ನಿಲ್ಲಿ ಅಂತ, ನೆಟ್ಟಗೆ ಎತ್ತಿ ಹಿಡಿದರೆ ಬನ್ನಿ ಅಂತ. ಇನ್ನೊಂದು ನಿಯಮ ನನಗೆ ತುಂಬ ಹಿಡಿಸಿತು. ಅಪಾಯ ಎಲ್ಲಿದೆಯೋ ಅತ್ತ ಯಾರೂ ಕೈ ತೋರಿಸಬಾರದು, ಹೋಗಬೇಕಾದ ದಾರಿಯನ್ನು ಮಾತ್ರ ತೋರಿಸಬೇಕು. ತೋರಿಸಿದ ಕಡೆಗೇ ಜನ ಹೋಗಿಬಿಡುತ್ತಾರೆ.

ಭೂಗೋಳದ ಮೇಷ್ಟ್ರು ನನಗಿಂತ ಜಾಣ. ರ‍್ಯಾಪಿಡ್ ಎಲ್ಲಿಂದ ಬಂತು ಅಂತ ಕೇಳಿ ಸುಮ್ಮನಾಗುತ್ತಿದ್ದರು. ಮಕ್ಕಳು ದಡ ಹತ್ತಿಳಿದು, ಪಕ್ಕದಿಂದ ಬಂದು ಸೇರುವ ಹಳ್ಳ ಹುಡುಕಿ, ಅದರ ಬಾಯಲ್ಲಿ ರಾಶಿ ಬಿದ್ದ ಬಂಡೆಗಳನ್ನು ನೋಡಿ ತಾವೇ ಹೇಳುತ್ತಿದ್ದರು. ಆಗ ಮೇಷ್ಟ್ರು ಅಮೆರಿಕದ ಕೊಲೊರಾಡೊ ನದಿಯ ಕ್ರಿಸ್ಟಲ್ ರ‍್ಯಾಪಿಡ್ ಕತೆ ತೆಗೆಯುತ್ತಿದ್ದರು. 1966ರ ಡಿಸೆಂಬರಿನ ಮಳೆಗೆ ಒಂದು ಪಕ್ಕದ ಹಳ್ಳ ಬಂಡೆ ಕೆಸರು ಎಲ್ಲ ತಂದು ಸುರಿದು, ಅಲ್ಲಿಯವರೆಗೆ ಸಾಧುವಾಗಿದ್ದ ಜಾಗವನ್ನು ಗ್ರ್ಯಾಂಡ್ ಕ್ಯಾನ್ಯನ್ನಿನಲ್ಲೇ ಭಯಂಕರವಾದ ರ‍್ಯಾಪಿಡ್‌ಗಳಲ್ಲಿ ಒಂದಾಗಿ ಮಾಡಿತು. ಆ ಬಂಡೆಗಳನ್ನು ಕೊಚ್ಚಿಕೊಂಡು ಹೋಗಲು ಮೊದಲಿನಂಥ ದೊಡ್ಡ ಪ್ರವಾಹ ಬರುವುದಿಲ್ಲ, ಯಾಕೆಂದರೆ ನದಿಯ ಮೇಲ್ಭಾಗದಲ್ಲಿ 1963ರಿಂದ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ನೀರು ಹಿಡಿಯುತ್ತಿದೆ.

ಅಣೆಕಟ್ಟಿನ ವಿಷಯ ಬಂದರೆ ಅಲ್ಲಿ ಜಗಳ ಗ್ಯಾರಂಟಿ. ಉಗಾಂಡದಲ್ಲಿ ಬಿಳಿ ನೈಲ್ ನದಿಯ ದಡದಲ್ಲಿ ಇದ್ದಾಗ ಜೋರು ಚರ್ಚೆ ಆಯಿತು. ಅಲ್ಲಿನ ಹೆಸರಾಂತ ರ‍್ಯಾಪಿಡ್‌ಗಳು ಕೆಲವು ಬುಜಾಗಾಲಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿವೆ. 2012ರಲ್ಲಿ ಉದ್ಘಾಟನೆಯಾಯಿತು, 250 ಮೆಗಾವ್ಯಾಟ್. 2019ರಲ್ಲಿ ಇಸಿಂಬಾ ಬಂತು, 183 ಮೆಗಾವ್ಯಾಟ್, ಇನ್ನಷ್ಟು ಮುಳುಗಿತು. ನಮ್ಮ ಮಕ್ಕಳೆಲ್ಲ ಅಣೆಕಟ್ಟಿನ ವಿರುದ್ಧ. ಅಲ್ಲೇ ಹುಟ್ಟಿ ಬೆಳೆದ ಕಯಾಕ್ ಗೈಡ್ ಒಬ್ಬ ಸುಮ್ಮನೆ ಕೇಳುತ್ತಾ ಕೂತಿದ್ದ. ಕೊನೆಗೆ ಅಂದ, ನನ್ನ ಕೆಲಸ ಹೋಗುತ್ತದೆ ನಿಜ, ಆದರೆ ನಮ್ಮಮ್ಮನ ಮನೆಗೆ ಕರೆಂಟು ಬೇಡವಾ ಅಂತ. ಫೋನುಗಳು ಅಲ್ಲೇ ಗೋಡೆಗೆ ಚಾರ್ಜಿಗೆ ನೇತಾಡುತ್ತಿದ್ದವು. ಆ ರಾತ್ರಿ ಮಕ್ಕಳು ಬರೆದ ಪ್ರಬಂಧಗಳಲ್ಲಿ ಯಾವುದೂ ನೆಟ್ಟಗಿರಲಿಲ್ಲ, ಎಲ್ಲದರಲ್ಲೂ ಕಾಟು, ಹೊಡೆದುಹಾಕಿ ಮತ್ತೆ ಬರೆದದ್ದು. ನಾನು ಓದಿದ ಒಳ್ಳೆಯ ಪ್ರಬಂಧಗಳು ಅವೇ.

ಎಲ್ಲ ಚೆನ್ನಾಗಿತ್ತು ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ಕೆಮಿಸ್ಟ್ರಿ ಲ್ಯಾಬ್ ವ್ಯಾನಿನಲ್ಲಿ ಹಿಡಿಸುವುದಿಲ್ಲ. ನಾಲ್ಕು ಗಂಟೆ ತಣ್ಣೀರಿನಲ್ಲಿದ್ದು ಬಂದವರು ಸಂಜೆ ಬೀಜಗಣಿತದ ಮುಂದೆ ತೂಕಡಿಸುತ್ತಾರೆ, ನಾನೂ ತೂಕಡಿಸಿದ್ದೇನೆ. ನೀರಿನಲ್ಲಿ ಮೈಯ ಬಿಸಿ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ಬೇಗ ಸೋರಿಹೋಗುತ್ತದೆ, ಸುಸ್ತು ಸುಮ್ನೆ ಬರುವುದಿಲ್ಲ. ಮನೆಯ ನೆನಪಾಗಿ ಟೆಂಟಿನಲ್ಲಿ ಅತ್ತವರೂ ಇದ್ದರು. ಫೀಸು ಕಟ್ಟಬಲ್ಲ ಮನೆಯ ಮಕ್ಕಳೇ ಜಾಸ್ತಿ, ಅದು ನನಗೆ ಕೊನೆಯವರೆಗೂ ಚುಚ್ಚಿತು. ಇನ್ನೊಂದು, ಸಂಜೆಯ ಪಾಠಕ್ಕೆ ನೋಟ್‌ಬುಕ್ ತೆರೆಯದಿದ್ದ ವಾರಗಳೂ ಇದ್ದವು, ಪ್ರಯಾಣದ ಗಡಿಬಿಡಿಯಲ್ಲಿ. ಆ ವಾರಗಳಲ್ಲಿ ಮಕ್ಕಳು ಕುಣಿದಾಡಿದರು, ಕಲಿತದ್ದು ಕಡಿಮೆ. ದೋಣಿ ಓಡಿಸಿದ್ದಷ್ಟೇ ಆದರೆ ಅದು ಪ್ರವಾಸ, ಶಾಲೆ ಅಲ್ಲ.

ಇಂಥ ಕಡೆ ಮಕ್ಕಳನ್ನು ಕಳಿಸುವ ಯೋಚನೆ ಯಾರಿಗಾದರೂ ಇದ್ದರೆ ಫೋಟೋ ನೋಡಿ ಮರುಳಾಗಬೇಡಿ. ಒಬ್ಬ ತರಬೇತುದಾರರಿಗೆ ಎಷ್ಟು ಮಕ್ಕಳು, ಅವರು ಹರಿಯುವ ನೀರಿನಲ್ಲಿ ರಕ್ಷಣೆ ಮಾಡುವ ತರಬೇತಿ ಪಡೆದಿದ್ದಾರಾ, ಇದನ್ನು ಕೇಳಿ. ಆಮೇಲೆ ಮಗು 'ಇವತ್ತು ನಾನು ಇದನ್ನು ದಾಟೋದಿಲ್ಲ' ಅಂದರೆ ಏನಾಗುತ್ತದೆ ಅಂತಲೂ ಕೇಳಿ. ರ‍್ಯಾಪಿಡ್‌ಗಳಿಗೆ ಒಂದರಿಂದ ಆರರವರೆಗೆ ದರ್ಜೆ ಇದೆ, ಆರು ಅಂದರೆ ಎಲ್ಲಕ್ಕಿಂತ ಕಷ್ಟದ್ದು, ಆದರೆ ಮಳೆ ಬಂದ ಮಾರನೇ ದಿನ ಮೂರರದ್ದು ನಾಲ್ಕಾಗಿರುತ್ತದೆ, ಮಗುವಿನ ಧೈರ್ಯವೂ ಹಾಗೇ ದಿನಕ್ಕೊಂದು. ನಾನಿದ್ದ ಕಡೆ ಬೇಡ ಅಂದವರು ದೋಣಿ ಹೆಗಲಿಗೆ ಹಾಕಿಕೊಂಡು ದಡದಲ್ಲಿ ನಡೆಯುತ್ತಿದ್ದರು, ಯಾರೂ ನಗುತ್ತಿರಲಿಲ್ಲ, ಯಾಕೆ ಅಂತಲೂ ಕೇಳುತ್ತಿರಲಿಲ್ಲ.

ನನ್ನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಎರಡು ಸಾಲು ಗೀಟುಗಳಿವೆ, ದಾಟಿದ್ದು ಒಂದು ಕಡೆ, ಹೊತ್ತುಕೊಂಡು ನಡೆದದ್ದು ಇನ್ನೊಂದು ಕಡೆ. ಹೊತ್ತದ್ದೇ ಜಾಸ್ತಿ ಇದೆ.

ನಮಸ್ಕಾರ.